ಒಳಮಡಿಕೆಯ ಗುರುತು

ಹೊಳೆ ಇಳಿದ ಒಂಬತ್ತನೆಯ ದಿನ
ಹರಿಹರದ ನಮ್ಮ ಅಂಗಡಿಯ ಬಾಗಿಲು ತೆಗೆದೆವು.
ಬಾಗಿಲು ಅಂದರೆ, ಉಳಿದಿದ್ದ ಅರ್ಧ.
ಇಸ್ತ್ರಿಪೆಟ್ಟಿಗೆಯೊಳಗೆ ಇದ್ದಿಲಿನ ಬದಲು ಕೆಸರು,
ಕೆಸರಿನಲ್ಲಿ ಒಂದು ಏಡಿಮರಿ.
ಅಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ ಹೊರಗೆ ಬಿಟ್ಟು
‘ಗಿರಾಕಿ’ ಅಂದ.
ಅವತ್ತು ಅವನು ಆಡಿದ ಮಾತು ಅದೊಂದೇ.

ನೂರಾ ನಲವತ್ತಮೂರು ಬಟ್ಟೆ.
ಬರೆದಿಟ್ಟ ಪುಸ್ತಕವೂ ಹೋಗಿತ್ತು,
ಅವ್ವನ ತಲೆಯಲ್ಲಿತ್ತು ಲೆಕ್ಕ:
ಸ್ಟೇಷನ್ ಮಾಸ್ತರರ ಎರಡು ಪ್ಯಾಂಟು,
ಬಾಣಂತಿ ಮನೆಯ ಹನ್ನೊಂದು ತುಂಡು,
ಮುಚ್ಚಿದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ
ಯಾರೂ ನೋಡದ ಕಿಟಕಿಗೆ ಹಾಕುವ ಪರದೆ,
ಮುರುಗೇಂದ್ರಪ್ಪ ಮೇಷ್ಟ್ರ ಬಿಳಿ ಪಂಚೆ, ನೀಲಿ ಹಾಕಿದ್ದು.

ಮೇಷ್ಟ್ರು ಬಂದೇ ಬಂದರು. ನಾವು ತಲೆ ತಗ್ಗಿಸಿ ನಿಂತೆವು.
ಅವರು ಪಂಚೆ ಕೇಳಲಿಲ್ಲ.
ಪೊಟ್ಟಣ ಕಟ್ಟಲೆಂದು ಹಗ್ಗದ ಮೇಲೆ ಒಣಹಾಕಿದ್ದ
ಇಂಗ್ಲಿಷ್ ಪೇಪರಿನ ದಪ್ಪಕ್ಷರಕ್ಕೆ ಕನ್ನಡಕ ಹಿಡಿದು
‘ಡೆಲ್ಯೂಜ್’ ಅಂದರು,
ಕಲ್ಲುಸಕ್ಕರೆ ಚೀಪುವವರ ಹಾಗೆ.

‘ಹಂಗಂದ್ರೆ ಏನ್ ಸಾರ್?’
‘ದೊಡ್ಡ ನೆರೆ, ಹಾಲಮ್ಮ.’
‘ಅದು ಗೊತ್ತಾತು, ನಮ್ಮನಿಗೇ ಬಂದಿತ್ತಲ್ಲ.
ಅದಕ್ಕೆ ಆ ಹೆಸರು ಯಾಕೆ?’

ಮೂವತ್ತು ವರ್ಷ ಪಾಠ ಮಾಡಿದವರಿಗೆ
ಇದನ್ನು ಯಾರೂ ಕೇಳಿರಲಿಲ್ಲವೇನೋ.
ಒದ್ದೆ ಸ್ಟೂಲಿನ ಮೇಲೆ ಕೂತೇಬಿಟ್ಟರು.
ಲ್ಯಾಟಿನ್ ಅಂತ ಒಂದು ಮುದಿಭಾಷೆ,
ಅದರಲ್ಲಿ ಲವಾರೆ ಅಂದರೆ ತೊಳೆ.
ಮುಂದೆ ದಿಸ್ ಸೇರಿದರೆ ದೂರ, ಅತ್ತಿತ್ತ, ದಿಕ್ಕಾಪಾಲು.
ತೊಳೆದು ಇಲ್ಲವಾಗಿಸಿದ್ದು, ದಿಲುವಿಯುಮ್.
ಫ್ರಾನ್ಸಿನ ಕಲ್ಲಿಗೆ ಬಡಿದು ಬಡಿದು
ನಡುವಿನ ವಕಾರ ಸವೆದು ಜಕಾರವಾಗಿ
ಇಂಗ್ಲೆಂಡಿಗೆ ಬಂದು ಡೆಲ್ಯೂಜ್ ಆಯಿತು.
‘ಅದೇ ತಾಯಿಯ ಇನ್ನೊಬ್ಬ ಮಗಳು
ನಿಮ್ಮ ನೆತ್ತಿಯ ಮೇಲೇ ಇದಾಳೆ ನೋಡ್ರಿ.’

ನೋಡಿದೆವು. ತಗಡಿನ ಬೋರ್ಡು,
ಸೊಂಟದವರೆಗೆ ಮಣ್ಣು ಮೆತ್ತಿದ ಅಕ್ಷರ:
ಲಾಂಡ್ರಿ.

ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು.
‘ಹಂಗಾದ್ರೆ ಅದೂ ನಮ್ಮ ಕೆಲಸಾನೇ ಮಾಡೈತೆ.
ಕೂಲಿ ಒಂದ್ ಕೇಳ್ಲಿಲ್ಲ.’

ರಾತ್ರಿ ನನಗೆ ನಿದ್ದೆ ಬರಲಿಲ್ಲ.
ನಮ್ಮ ಬಾಯಲ್ಲಿ ಹೊಳೆ ತೊಳೆಯುವುದಿಲ್ಲ, ಕೊಚ್ಚುತ್ತದೆ.
ಕೊಚ್ಚಿಕೊಂಡು ಹೋತು ಅನ್ನುತ್ತೇವೆ,
ಮಚ್ಚು ಹಿಡಿದವನನ್ನು ಕಂಡ ಹಾಗೆ.
ತೊಳೆಯಿತು ಅಂದವನು ಗುಡ್ಡದ ಮೇಲಿದ್ದನೋ ಏನೋ,
ಮರುದಿನ ಇಳಿದು ಬಂದು
ಹೊಳೆಯುವ ಕಲ್ಲುಗಳನ್ನಷ್ಟೇ ಕಂಡಿರಬೇಕು.
ಕೊಚ್ಚಿತು ಅಂದವಳ ಮೊಣಕಾಲಿಗೆ
ತೇಲುವ ಹುಣಸೆಬುಡ ತಾಗಿರಬೇಕು.
ಇನ್ನು ನೆರೆ ಅನ್ನುವುದು:
ಅವತ್ತು ಎರಡು ನೆರೆಯೂ ಒಟ್ಟಿಗೇ ಬಂದವು,
ಒಂದು ಕಿಟಕಿಯಿಂದ,
ಇನ್ನೊಂದು ಪಕ್ಕದ ಮಾಳಿಗೆಯಿಂದ, ಹಗ್ಗ ಹಿಡಿದು,
ಅಪ್ಪನ ಹೆಸರು ಕೂಗುತ್ತಾ.

ದೀಪಾವಳಿಗೆ ನಾಲ್ಕು ದಿನವಿರುವಾಗ
ಅಂಬಿಗರ ಗುತ್ಯಪ್ಪ ಬಂದ.
ಕೆಳಗೆ ಎಲ್ಲೋ, ಜಾಲಿಮುಳ್ಳಿಗೆ ಸಿಕ್ಕಿತ್ತಂತೆ,
ಕೊಕ್ಕರೆ ಅಂದುಕೊಂಡು ದೋಣಿ ತಿರುಗಿಸಿದನಂತೆ.
ಬಣ್ಣ ಹೊಳೆಯದೇ. ಅಂಚು ಇರಲಿಲ್ಲ.
ಯಾರದೆಂದು ಹೇಳುವವರಿಲ್ಲ.

ಅವ್ವ ಒಳಮಡಿಕೆ ತಿರುಗಿಸಿದಳು.
ಮೂಲೆಯಲ್ಲಿ, ಎಳ್ಳಿನಷ್ಟು, ಕರಿಗೇರಿನ ಮಸಿ:
ಮೂರು ಚುಕ್ಕಿ, ಒಂದು ಕೊಕ್ಕೆ.
ಊರಿನ ಪ್ರತಿ ಮನೆಗೂ
ಅವಳಿಟ್ಟ ಹೆಸರು ಹೀಗೊಂದಿದೆ,
ಮನೆಯವರಿಗೇ ಓದಲು ಬಾರದ್ದು.
‘ಮೇಷ್ಟ್ರದು’ ಅಂದಳು.

ಅವರು ಪಂಚೆಯನ್ನು ಬೆಳಕಿಗೆ ಹಿಡಿದು
ಚುಕ್ಕಿಗಳ ಮೇಲೆ ಹೆಬ್ಬೆರಳು ಆಡಿಸಿದರು,
ಅವತ್ತು ಪೇಪರಿನ ಮೇಲೆ ಆಡಿಸಿದ ಹಾಗೇ.
ಬಹಳ ಹೊತ್ತು ಏನೂ ಹೇಳಲಿಲ್ಲ.
ಆಮೇಲೆ, ಅಭ್ಯಾಸಬಲ, ಜೇಬಿಗೆ ಕೈ ಹಾಕಿ
‘ತೊಳೆದಿದ್ದಕ್ಕೆ ಎಷ್ಟಾತು?’

ಅಪ್ಪ ಇಸ್ತ್ರಿಪೆಟ್ಟಿಗೆಯ ಇದ್ದಿಲು ಊದುತ್ತಿದ್ದವನು
ತಲೆ ಎತ್ತಲಿಲ್ಲ.
‘ಹೊಳೀನ ಕೇಳ್ರಿ’ ಅಂದ.